ಬೌಂಡರಿ ಆಚೆ ಹಿಡಿದ ಕ್ಯಾಚ್

ಆ ಭಾನುವಾರ ಮಧ್ಯಾಹ್ನ ರಾಯದುರ್ಗದ ನನ್ನ ವಿಡಿಯೋ ಗೇಮ್ ಅಂಗಡಿಯಲ್ಲಿ ನಾಲ್ಕೇ ಜನ ಇದ್ದೆವು. ಜೀನ್ಸ್ ಹೊಲಿಯುವ ಶೆಡ್ಡಿನ ಟೈಲರುಗಳಾದ ಎರ್ರಿಸ್ವಾಮಿ ಮತ್ತು ತಿಪ್ಪೇಶ, ಅದೇ ಶೆಡ್ಡಿನಲ್ಲಿ ಬಟ್ಟೆ ಕತ್ತರಿಸುವ ಹಿರಿಯರು ಹುಸೇನ್ ಸಾಬ್, ಮತ್ತೆ ನಾನು. ಉಳಿದ ಗಿರಾಕಿಗಳನ್ನು ಹುಸೇನ್ ಸಾಬರೇ ಹೊರಗೆ ಕಳಿಸಿ ಶಟರ್ ಅರ್ಧಕ್ಕೆ ಎಳೆದಿದ್ದರು. ಟೈಲರುಗಳಿಬ್ಬರೂ ಮೂರು ಮೂರು ಓವರಿನ ಒಂದು ಕ್ರಿಕೆಟ್ ಆಟ ಆಡುವವರಿದ್ದರು. ಸೋತವನು ಊರು ಬಿಡಬೇಕಿತ್ತು.

ಇದು ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ನಾನು ಮಡಕಶಿರಾ ಕಡೆಯವನು, ರತ್ನಗಿರಿ ಹತ್ತಿರದ ಹಳ್ಳಿಯವನು. ಮನೆಯವರ ಹಿಪ್ಪುನೇರಳೆ, ರೇಷ್ಮೆಹುಳದ ಕೆಲಸ ನನ್ನ ಕೈಗೆ ಹತ್ತಲಿಲ್ಲ. ಟಿವಿ ರಿಪೇರಿ ಕಲಿತು ರಾಯದುರ್ಗಕ್ಕೆ ಬಂದೆ. ಜೀನ್ಸ್ ಶೆಡ್ಡುಗಳಿದ್ದ ಬೀದಿಯಲ್ಲಿ ಎರಡು ಟಿವಿ, ಎರಡು ಕನ್ಸೋಲ್ ಇಟ್ಟು ಅಂಗಡಿ ಹಾಕಿದೆ. ಕನ್ಸೋಲ್ ಎಂದರೆ ಡಿಸ್ಕ್ ಹಾಕಿ ಟಿವಿಯಲ್ಲಿ ಆಟ ಆಡಿಸುವ ಪೆಟ್ಟಿಗೆ. ಆಡುವವರು ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ಗೆ ನಮ್ಮಲ್ಲಿ ರಿಮೋಟ್ ಎಂದೇ ಹೆಸರು. ದಿನವಿಡೀ ದಪ್ಪ ಬಟ್ಟೆಯೊಡನೆ ಗುದ್ದಾಡಿದ ಕೈಗಳು ಸಂಜೆ ಬಂದು ಆ ರಿಮೋಟ್ ಹಿಡಿದರೆ ಹೂವು ಹಿಡಿದಷ್ಟು ಹಗುರಾಗಿ ಹಿಡಿಯುತ್ತಿದ್ದವು.

ಬೇರೆ ಆಟಗಳಿದ್ದರೂ ಎಲ್ಲರಿಗೂ ಬೇಕಾಗಿದ್ದುದು ಕ್ರಿಕೆಟ್. ಅದರ ಡಿಸ್ಕ್ ವರ್ಷಕ್ಕೊಂದು ಹೊಸದು ಬರುತ್ತಿತ್ತು. ನಾನು ಮೊದಲು ತಂದದ್ದು ನಿಜಕ್ಕೂ ಒಳ್ಳೆಯ ಆಟ. ಬೌಲರ್ ಮಣಿಕಟ್ಟು ತಿರುಗಿಸುವುದನ್ನು ನೋಡಿ ಚೆಂಡು ಯಾವ ಕಡೆ ತಿರುಗುತ್ತದೆಂದು ಹೇಳಬಹುದಿತ್ತು. ಆಮೇಲೆ ಬಂದವುಗಳಲ್ಲಿ ಆಟಗಾರರ ಅಂಗಿಯ ಬಣ್ಣ ಬದಲಾಗುತ್ತಿತ್ತೇ ಹೊರತು ಆಟ ವರ್ಷದಿಂದ ವರ್ಷಕ್ಕೆ ಸೊರಗುತ್ತಿತ್ತು. ಫೀಲ್ಡರನ ಕಾಲು ಮೊಣಕಾಲಿನವರೆಗೆ ನೆಲದಲ್ಲಿ ಹೂತಿರುತ್ತಿತ್ತು. ಚೆಂಡು ಬ್ಯಾಟಿನೊಳಗೇ ತೂರಿ ಹೋಗುತ್ತಿತ್ತು.

"ಹಳೇ ಪ್ಯಾಂಟಿಗೆ ಹೊಸ ಲೇಬಲ್ ಹೊಡ್ದಾರ, ಅಷ್ಟ" ಎಂದು ತಿಪ್ಪೇಶ ನಗುತ್ತಿದ್ದ.

ಎರ್ರಿಸ್ವಾಮಿ ನಗುತ್ತಿರಲಿಲ್ಲ. ಅವನಿಗೆ ನಿಜವಾಗಿ ನೋವಾಗುತ್ತಿತ್ತು. "ಈರಣ್ಣ, ನಮ್ಮ ಶೆಡ್ಡಿನ್ಯಾಗ ಒಂದು ಹೊಲಿಗಿ ತಪ್ಪಿದ್ರ ಪೀಸು ಮಖದ ಮ್ಯಾಲ ಬಂದು ಬೀಳ್ತೈತಿ. ಇದನ್ನ ಯಾರ ಮಖದ ಮ್ಯಾಲ ಒಗೀಬೇಕ್ರಿ?" ಎಂದು ಒಮ್ಮೆ ನನ್ನನ್ನು ಕೇಳಿದ.

ಅವರಿಬ್ಬರೂ ಒಂದೇ ಜೋಡಿ. ಒಬ್ಬ ಜೇಬು ಕೂರಿಸಿ ಕೊಟ್ಟರೆ ಇನ್ನೊಬ್ಬ ಪಕ್ಕದ ಹೊಲಿಗೆ ಮುಗಿಸಬೇಕು, ಎದುರುಬದುರು ಮಿಷಿನ್. ಏನೇ ತಕರಾರು ಬಂದರೂ ಮಾತಿನಲ್ಲಿ ತೀರಿಸಿಕೊಂಡವರಲ್ಲ. ಫ್ಯಾನಿನ ಕೆಳಗಿನ ಮಿಷಿನ್ ಯಾರಿಗೆ, ಉಗಾದಿಗೆ ಮೊದಲು ರಜೆ ಯಾರಿಗೆ, ಬೆಳಿಗ್ಗೆ ತಿಂಡಿಗೆ ಒಗ್ಗಾಣಿ ಮಿರ್ಚಿ ಕಟ್ಟಿಸಿಕೊಂಡು ಬರುವವರು ಯಾರು, ಎಲ್ಲವೂ ನನ್ನ ಅಂಗಡಿಯ ಮೂರು ಓವರಿನಲ್ಲೇ ತೀರ್ಮಾನ. ಸೋತವನು ಗೊಣಗಬಾರದು, ಗೆದ್ದವನು ಬಿಟ್ಟುಕೊಡಬಾರದು. ಅದು ಅವರೇ ಹಾಕಿಕೊಂಡ ಕಟ್ಟು.

ಆ ವರ್ಷ ಶೆಡ್ಡಿಗೆ ಆರ್ಡರ್ ಕಡಿಮೆಯಾಯಿತು. ಮಾಲೀಕ ಇಬ್ಬರನ್ನೂ ಕರೆದು, ಒಂದು ಮಿಷಿನ್ ತೆಗೆಯುತ್ತೇನೆ, ಯಾರು ಇರುತ್ತೀರೋ ನೀವೇ ಹೇಳಿ ಎಂದ. ಬಿಟ್ಟವನಿಗೆ ಬೆಂಗಳೂರಿನ ದೊಡ್ಡ ಗಾರ್ಮೆಂಟ್ಸೇ ಗತಿ. ಎರ್ರಿಸ್ವಾಮಿಯ ಹೆಂಡತಿ ಅದೇ ಶೆಡ್ಡಿನಲ್ಲಿ ನೂಲು ಕತ್ತರಿಸುತ್ತಿದ್ದಳು, ಮಗಳು ಎರಡನೇ ಕ್ಲಾಸು. ತಿಪ್ಪೇಶನ ಹೆಂಡತಿಗೆ ಏಳು ತಿಂಗಳು. ಮೂರು ದಿನ ಒಬ್ಬರಿಗೊಬ್ಬರು "ನೀನಿರು, ನಾ ಹೋಗ್ತೀನಿ" ಎಂದು ಜಗಳಾಡಿದರು. ಕೊನೆಗೆ ತಮ್ಮ ಹಳೆಯ ಪದ್ಧತಿಗೇ ಬಂದರು. ಹುಸೇನ್ ಸಾಬ್ ಇದನ್ನೆಲ್ಲ ನನಗೆ ಶನಿವಾರವೇ ಹೇಳಿ, "ಅಂಗಡಿ ಖಾಲಿ ಇಟ್ಟಿರ್ರಿ" ಎಂದಿದ್ದರು.

ಬಂದವರೇ ಎರ್ರಿಸ್ವಾಮಿ ಕೇಳಿದ್ದು ಒಂದೇ ಮಾತು. "ಅಣ್ಣ, ಮೊದಲಿನ ಡಿಸ್ಕ್ ಹಾಕ್ರಿ. ಇದು ಚೇಷ್ಟಿ ಆಟ ಅಲ್ಲ."

ಹಳೆಯ ಡಿಸ್ಕ್ ಇರಲಿಲ್ಲ. ಹಳೆಯದನ್ನು ಬಳ್ಳಾರಿಯ ವ್ಯಾಪಾರಿಗೆ ಕೊಟ್ಟು ಹೊಸದನ್ನು ತರುವುದು ನಮ್ಮ ಕಸುಬಿನ ರೂಢಿ. ಅಷ್ಟು ವರ್ಷ ಇಟ್ಟುಕೊಂಡಿದ್ದ ಅದನ್ನೂ ಆ ಗುರುವಾರವೇ ಕೊಟ್ಟು ಬಂದಿದ್ದೆ. ಬಾಗಿಲಿಗೆ 'ಹೊಸ ಆಟ ಬಂದಿದೆ' ಎಂದು ಬೋರ್ಡು ಬರೆದಿದ್ದೆ.

ಇನ್ನೊಂದು ವಿಷಯವೂ ಇತ್ತು. ಹೊಸ ಡಿಸ್ಕನ್ನು ಗಿರಾಕಿಯ ಕೈಗೆ ಕೊಡುವ ಮೊದಲು ನಾವು ಒಬ್ಬರೇ ಕೂತು ಆಡಿ ನೋಡುತ್ತೇವೆ. ಶುಕ್ರವಾರ ನಾನು ಆಡಿದಾಗ ಒಂದು ಸಲ ಫೀಲ್ಡರ್ ಬೌಂಡರಿ ಗೆರೆಯ ಆಚೆ, ಜಾಹೀರಾತು ಫಲಕದ ಮೇಲೇ ನಿಂತು ಕ್ಯಾಚ್ ಹಿಡಿದ. ಪರದೆ ಔಟ್ ಎಂದಿತು. ಹೇಳಿದರೆ ಹೊಸ ಆಟ ಯಾರೂ ಮುಟ್ಟುವುದಿಲ್ಲ, ಇದೇನು ದಿನಾ ಆಗುವುದೇ ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದೆ. ಭಾನುವಾರವೂ ಹಾಗೆಯೇ ಮುಚ್ಚಿಕೊಂಡೆ.

ತಿಪ್ಪೇಶ ಮೊದಲು ಆಡಿ ಮೂವತ್ತೊಂದು ಹೊಡೆದ. ಆಮೇಲೆ ಎರ್ರಿಸ್ವಾಮಿ ಆಡಿದ. ಕೊನೆಯ ಚೆಂಡಿಗೆ ಬಂದಾಗ ಅವನದು ಇಪ್ಪತ್ತೆಂಟು. ಗೆಲ್ಲಲು ನಾಲ್ಕು ಬೇಕು.

"ಏನಪ, ಚಹಾ ಕುಡದು ಹೊಡೀತೀಯೇನು?" ಎಂದರು ಹುಸೇನ್ ಸಾಬ್, ಬಿಗಿ ಸಡಿಲಿಸಲು.

ಎರ್ರಿಸ್ವಾಮಿ ಎತ್ತಿ ಹೊಡೆದ. ಚೆಂಡು ಗೆರೆ ದಾಟಿ ಹೋಗಿದ್ದನ್ನು ನಾಲ್ವರೂ ನೋಡಿದೆವು. ಫಲಕದ ಮೇಲೆ ನಿಂತಿದ್ದ ಫೀಲ್ಡರ್ ಎರಡೂ ಕೈ ಚಾಚಿ ಅದನ್ನು ಹಿಡಿದ. ಪರದೆಯ ಮೇಲೆ ಔಟ್ ಎಂದು ಬಂತು.

"ಗೆರಿ ಆಚಿ ನಿಂತಾನಲ್ಲೋ ಅಂವ!" ಹುಸೇನ್ ಸಾಬ್ ಎದ್ದು ನಿಂತರು.

ತಿಪ್ಪೇಶ ರಿಮೋಟ್ ನೆಲಕ್ಕಿಟ್ಟು ನನ್ನ ಕಡೆ ತಿರುಗಿದ. "ಅಣ್ಣ, ಇದು ಸಿಕ್ಸು. ನೀವು ಹೇಳ್ರಿ. ನೀವು ಹೇಳಿದಂಗ."

ಮೂವರೂ ನನ್ನ ಮುಖ ನೋಡುತ್ತಿದ್ದರು. 'ಇದು ಡಿಸ್ಕಿನ ದೋಷ, ಶುಕ್ರವಾರವೇ ನೋಡಿದ್ದೆ, ಈ ಆಟ ಲೆಕ್ಕಕ್ಕಿಲ್ಲ' ಎಂದು ನಾನು ಹೇಳಬಹುದಿತ್ತು. ಹೇಳಿದರೆ, ಗೊತ್ತಿದ್ದೂ ಯಾಕೆ ಆಡಿಸಿದಿರಿ ಎಂದು ಕೇಳುತ್ತಿದ್ದರು. ಆ ಪ್ರಶ್ನೆಗೆ ಹೆದರಿದೆ.

"ಪರದೆ ಏನಂತದೋ ಅದೇ ಕಣ್ರಪ್ಪ. ಇಲ್ಲಿ ಯಾವತ್ತೂ ಹಂಗೇ ನಡ್ಸಿರೋದು" ಎಂದೆ.

"ನಡೀಲೇ, ಇನ್ನೊಮ್ಮೆ ಆಡಾಣ" ಎಂದು ತಿಪ್ಪೇಶ ಎರ್ರಿಸ್ವಾಮಿಯ ತೋಳು ಹಿಡಿದ.

ಎರ್ರಿಸ್ವಾಮಿ ಇನ್ನೂ ಟಿವಿಯನ್ನೇ ನೋಡುತ್ತಿದ್ದ. "ಬ್ಯಾಡ ಬಿಡೋ. ಹತ್ತು ಸಲ ಆಡಿದ್ರೂ ಈ ಮಗ ಅಲ್ಲೇ ನಿಂದ್ರತಾನ" ಎಂದ. ಆಮೇಲೆ ತಿಪ್ಪೇಶನ ಬೆನ್ನ ಮೇಲೆ ಒಂದು ಗುದ್ದು ಹಾಕಿ, "ನಿನ್ನ ಹೇಂತಿಗೆ ಹುಳಿ ಮಾವಿನಕಾಯಿ ಒಯ್ದು ಕೊಡು, ಹೋಗು" ಎಂದು ಶಟರ್ ಕೆಳಗೆ ಬಗ್ಗಿ ಹೊರಗೆ ಹೋದ. ಬುಧವಾರ ಬೆಳಿಗ್ಗೆ ಬೆಂಗಳೂರು ಬಸ್ಸು ಹತ್ತಿದ. ಆ ವರ್ಷದ ಶಾಲೆ ಮುಗಿದ ಮೇಲೆ ಹೆಂಡತಿ, ಮಗಳೂ ಹೋದರು.

ಮುಂದಿನ ವಾರ ನಾನು ಬಳ್ಳಾರಿಗೆ ಹೋಗಿ ಹಳೆಯ ಡಿಸ್ಕ್ ಹುಡುಕಿದೆ. ವ್ಯಾಪಾರಿ ಅದನ್ನು ಯಾರಿಗೋ ಮಾರಿಬಿಟ್ಟಿದ್ದ. "ಹಳೇದು ಯಾಕ್ರಿ? ಹೊಸದು ಇದ್ದಾಗ?" ಎಂದು ನಗುತ್ತ ಕೇಳಿದ.

ಈಗ ಮಡಕಶಿರಾದಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಕೈಗೆ ಬಂದ ವಸ್ತುವಿನ ದೋಷವನ್ನು ಗಿರಾಕಿ ಕೇಳುವ ಮೊದಲೇ ಹೇಳಿಬಿಡುತ್ತೇನೆ. ವ್ಯಾಪಾರ ಕೆಟ್ಟರೂ ಹೇಳುತ್ತೇನೆ. ಆಟ ಕೆಡಿಸಿದವರು ಎಲ್ಲೋ ದೂರದಲ್ಲಿದ್ದರು, ಅವರಿಗೆ ನಮ್ಮ ಮುಖವೂ ಗೊತ್ತಿರಲಿಲ್ಲ. ಅದು ಕೆಟ್ಟಿದೆಯೆಂದು ರಾಯದುರ್ಗದಲ್ಲಿ ಮೊದಲು ತಿಳಿದವನು ನಾನು. ಪರೀಕ್ಷೆ ಮಾಡುವುದು ಕಸುಬಿನ ಅರ್ಧ ಭಾಗ ಮಾತ್ರ, ಕಂಡದ್ದನ್ನು ಹೇಳುವುದು ಉಳಿದರ್ಧ ಎಂಬುದನ್ನು ನಾನು ಹೀಗೆ ಕಲಿತೆ.

ಎರ್ರಿಸ್ವಾಮಿ ಊರು ಬಿಟ್ಟ ಎರಡು ತಿಂಗಳಿಗೆ ತಿಪ್ಪೇಶನಿಗೆ ಗಂಡುಮಗು ಹುಟ್ಟಿತ್ತು. ಮಗುವಿಗೆ ವರ್ಷ ತುಂಬಿದ ಮೇಲೆ ಒಂದು ದಿನ ಅವನ ಶೆಡ್ಡಿಗೇ ಹೋಗಿ ಎಲ್ಲವನ್ನೂ ಹೇಳಿದೆ. ಅವನು ಮಿಷಿನ್ ನಿಲ್ಲಿಸಿದ.

"ಶುಕ್ರವಾರನೇ ನೋಡಿದ್ರಿ?"

"ಹೂಂ ಕಣಪ್ಪ."

"ಎರ್ರಿಸ್ವಾಮಿಗೆ ಗೊತ್ತೈತೇನ್ರಿ?"

"ಇಲ್ಲ."

ಅವನು ಅರ್ಧ ಹೊಲಿದ ಪ್ಯಾಂಟನ್ನು ಮಡಿಸಿಟ್ಟು ಎದ್ದು ಹೋದ. ಎರ್ರಿಸ್ವಾಮಿಯ ಹಳೆಯ ಫೋನ್ ನಂಬರು ಹತ್ತಲಿಲ್ಲವೆಂದು ಮರುದಿನ ಬೆಂಗಳೂರಿಗೆ ಹೋದನಂತೆ. ಎರಡು ದಿನ ಬಿಟ್ಟು ತಿರುಗಿ ಬಂದ. ಎರ್ರಿಸ್ವಾಮಿ ಇದ್ದ ಕೋಣೆಯಲ್ಲಿ ಬೇರೆ ಯಾರೋ ಇದ್ದರು. ಹೆಂಡತಿ ಮಗಳನ್ನು ಕರೆದುಕೊಂಡು ತಿರುಪ್ಪೂರಿಗೆ ಹೋದ ಎಂದರಂತೆ. ಅಲ್ಲಿ ಎಲ್ಲಿ ಎಂದು ಅವರಿಗೂ ಗೊತ್ತಿರಲಿಲ್ಲ.