ಬಿಸಿನೀರಿಗೆ ಪಳಗಿದ ಕೈ

ನಮ್ಮ ಕಾಲೇಜಿನ ಜೀವಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವರನ್ನು ಎಲ್ಲರೂ ನೊಣದತ್ತೆ ಎಂದೇ ಕರೆಯುತ್ತಿದ್ದರು. ಪ್ರಯೋಗಕ್ಕೆ ಬೇಕಾದ ಹಣ್ಣಿನ ನೊಣಗಳನ್ನು ಬಾಟಲಿಗಳಲ್ಲಿ ಸಾಕುವುದು ಅವರ ಕೆಲಸ. ಆ ಹೆಸರಿನ ಬಗ್ಗೆ ಅವರಿಗೆ ಬೇಸರವಿರಲಿಲ್ಲ. "ಕಡತದ ಕೋಣೆಯಲ್ಲಿದ್ದಿದ್ರೆ ಗೆದ್ದಲತ್ತೆ ಅಂತಿದ್ರಿ. ಇದೇ ವಾಸಿ" ಎನ್ನುತ್ತಿದ್ದರು.

ನೊಣ ಸಾಕುವುದು ಬಿಟ್ಟರೆ ಉಳಿದದ್ದೆಲ್ಲ ತೊಳೆಯುವ ಕೆಲಸ. ಇಪ್ಪತ್ತೆರಡು ವರ್ಷ ಅವರು ಮೂಲೆಯ ತೊಟ್ಟಿಯಲ್ಲಿ ಕುದಿಯುವಂಥ ನೀರು ತುಂಬಿಸಿ ಟೆಸ್ಟ್ ಟ್ಯೂಬು, ಬೀಕರು ತೊಳೆದರು. ತೊಳೆಯುತ್ತಲೇ ಬೆನ್ನ ಹಿಂದೆ ನಡೆಯುವ ಪಾಠ ಕೇಳಿದರು.

ಆ ವರ್ಷ ಲ್ಯಾಬ್ ಸಹಾಯಕರು ನಿವೃತ್ತರಾಗುವವರಿದ್ದರು. ಒಳಗಿನ ಪರೀಕ್ಷೆ ಪಾಸಾದರೆ ಆ ಜಾಗ ನೊಣದತ್ತೆಗೆ. ಇಲ್ಲವಾದರೆ ಅವರನ್ನು ಕಡತದ ಕೋಣೆಗೆ ಹಾಕುವುದೆಂದು ಆಗಲೇ ತೀರ್ಮಾನವಾಗಿತ್ತು. ವಯಸ್ಸಿನ ಮಿತಿ ಮೀರುತ್ತಿದ್ದುದರಿಂದ ಇನ್ನೊಂದು ಸಲ ಪರೀಕ್ಷೆಗೆ ಕೂರುವಂತಿರಲಿಲ್ಲ.

ನನ್ನ ಪ್ರಾಯೋಗಿಕ ಪರೀಕ್ಷೆಯೂ ಹತ್ತಿರವಿತ್ತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ, ಕೇಳಲು ಬೇರೆ ಯಾರೂ ಇರಲಿಲ್ಲ. ಹೀಗಾಗಿ ಮಧ್ಯಾಹ್ನ ಲ್ಯಾಬ್ ಖಾಲಿಯಾದ ಮೇಲೆ ನಾವಿಬ್ಬರೂ ಸೇರಿ ಓದತೊಡಗಿದೆವು. ಅವರ ಹತ್ತಿರ ಕಣ್ಣಾರೆ ಕಂಡದ್ದಿತ್ತು, ನನ್ನ ಹತ್ತಿರ ಪುಸ್ತಕವಿತ್ತು.

ತಳಿಶಾಸ್ತ್ರದಲ್ಲಿ ಅವರು ಮೊದಲ ದಿನವೇ ಜಗಳಕ್ಕೆ ನಿಂತರು. "ಗಂಡು ಹೆಣ್ಣು ಅರ್ಧರ್ಧ ಅಂತೀಯಲ್ಲ, ನಮ್ಮಮ್ಮನಿಗೆ ನಾಲ್ಕೂ ಹೆಣ್ಣೇ. ಆ ಲೆಕ್ಕ ನಮ್ಮ ಮನೆ ಬಾಗಿಲಿಗೆ ಬಂದೇ ಇಲ್ಲ, ನೋಡು."

"ಒಂದೊಂದು ಮಗುವೂ ಹೊಸದಾಗಿ ಚಿಮ್ಮಿದ ನಾಣ್ಯ ಇದ್ದ ಹಾಗೆ ಅತ್ತೆ. ನಾಲ್ಕೇ ಸಲ ಚಿಮ್ಮಿದ್ರೆ ನಾಲ್ಕೂ ಒಂದೇ ಬೀಳಬಹುದು. ನಾನೂರು ಸಲ ಚಿಮ್ಮಿದ್ರೆ ಅರ್ಧಕ್ಕೆ ಹತ್ತಿರ ಬರುತ್ತೆ."

"ನಾನೂರು ಹೆರೋಕೆ ನಮ್ಮಮ್ಮ ಏನು ನೊಣಾನಾ?" ಎಂದವರು ತಾವೇ ನಕ್ಕು, ಬಾಟಲಿಗಳತ್ತ ತಿರುಗಿ, "ಓ, ಅದಕ್ಕೇ ಇವರು ನನ್ನ ಕೈಲಿ ನೊಣ ಸಾಕಿಸೋದು!" ಎಂದರು.

ವಿಕಾಸಕ್ಕೆ ಹಸಿರು ಬಟ್ಟೆ ಹಾಸಿ ಅದರ ಮೇಲೆ ಹಸಿರು, ಕೆಂಪು ಕಾಗದದ ಚೂರುಗಳನ್ನು ಸಮನಾಗಿ ಚೆಲ್ಲಿದೆವು. ನಾವು ಹಕ್ಕಿಗಳು, ಚಿಮಟ ನಮ್ಮ ಕೊಕ್ಕು. ಒಂದು ನಿಮಿಷ ಹೆಕ್ಕಿದ ಮೇಲೆ ಬಟ್ಟೆಯಲ್ಲಿ ಉಳಿದದ್ದು ಹೆಚ್ಚಾಗಿ ಹಸಿರು. "ನಾನೂ ಹೀಗೇ ಇಪ್ಪತ್ತೆರಡು ವರ್ಷ ಉಳಿದಿದ್ದು. ಯಾರ ಕಣ್ಣಿಗೂ ಬೀಳದೆ" ಎಂದರು ಅತ್ತೆ.

ಹುದುಗುವಿಕೆಯ ಪ್ರಯೋಗ ಅವರಿಗೆ ನೀರು ಕುಡಿದಷ್ಟು ಸುಲಭ. ಬೆಚ್ಚಗಿನ ನೀರಿಗೆ ಯೀಸ್ಟು, ಸಕ್ಕರೆ ಹಾಕಿ ಬಾಟಲಿಯ ಬಾಯಿಗೆ ಬಲೂನು ಸಿಕ್ಕಿಸಬೇಕು. ಯೀಸ್ಟು ಸಕ್ಕರೆ ತಿಂದು ಗಾಳಿ ಬಿಟ್ಟರೆ ಬಲೂನು ಏಳುತ್ತದೆ. ಪಕ್ಕದಲ್ಲಿ ಸಕ್ಕರೆಯಿಲ್ಲದ ಇನ್ನೊಂದು ಬಾಟಲಿ, ಹೋಲಿಸಿ ನೋಡಲು. ಥರ್ಮಾಮೀಟರ್ ಬೀರುವಿನಲ್ಲೇ ಇರುತ್ತಿತ್ತು. ನೀರಿಗೆ ಬೆರಳಿಟ್ಟು "ಸಾಕು ಅತ್ತೆ" ಎನ್ನುತ್ತಿದ್ದವಳು ನಾನು. ಇಬ್ಬರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಅತ್ತೆಯ ಪರೀಕ್ಷೆಯ ದಿನ ನಾನು ಲ್ಯಾಬಿನ ಕಿಟಕಿಯ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಒಳಗೆ ಅತ್ತೆ ಮತ್ತು ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು, ಇಬ್ಬರೇ. ಅತ್ತೆ ನೀರು ಕಾಯಿಸಿದರು, ತಮ್ಮ ಬೆರಳಿಟ್ಟು ನೋಡಿದರು, ತಲೆಯಾಡಿಸಿ ಸುರಿದರು. ಇಪ್ಪತ್ತು ನಿಮಿಷ ಕಳೆಯಿತು. ಎರಡು ಬಲೂನುಗಳೂ ಜೋತುಬಿದ್ದಿದ್ದವು.

"ಏನಮ್ಮಾ, ಎರಡೂ ಮಲಗಿಬಿಟ್ಟಿವೆ?" ಎಂದರು ಪರೀಕ್ಷಕರು.

ನಾನು ಎದ್ದು ಕಿಟಕಿಗೆ ಹತ್ತಿರವಾದೆ. ಅತ್ತೆ ಬೀರು ತೆಗೆದು ಥರ್ಮಾಮೀಟರ್ ತಂದು ಬಾಟಲಿಯೊಳಗೆ ಇಳಿಬಿಟ್ಟರು. ಅಷ್ಟು ಹೊತ್ತಾದರೂ ನೀರು ಐವತ್ತು ಡಿಗ್ರಿ ಇತ್ತು.

"ಯೀಸ್ಟನ್ನ ನಾನೇ ಬಿಸೀಲಿ ಕೊಂದೆ ಅನ್ಸುತ್ತೆ ಸಾರ್. ಬೆರಳಿಗೆ ಬೆಚ್ಚಗೇ ಅನ್ನಿಸ್ತು. ಬಿಸಿನೀರಲ್ಲೇ ಸವೆದ ಕೈ ಇದು, ಇದರ ಮಾತು ಕೇಳಬಾರದಿತ್ತು."

"ಅನ್ಸುತ್ತೆ ಅಂದ್ರೆ? ಖಾತ್ರಿ ಇಲ್ವಾ?"

"ಯೀಸ್ಟೇ ಹಳೇದಾಗಿ ಸತ್ತಿರಬಹುದಲ್ವಾ? ಅದೇ ಪೊಟ್ಟಣ, ಅಷ್ಟೇ ಸಕ್ಕರೆ, ನೀರು ಮಾತ್ರ ಮೂವತ್ತೆಂಟು ಡಿಗ್ರಿಗೆ ಇಳಿಸಿ ಇನ್ನೊಂದು ಇಡ್ತೀನಿ. ಇದು ಎದ್ರೆ ತಪ್ಪು ಬಿಸೀದು. ಏಳದಿದ್ರೆ ಯೀಸ್ಟಿಂದು."

ಪರೀಕ್ಷಕರು ಗಡಿಯಾರ ನೋಡಿ, "ಇಡಿ" ಎಂದರು. ಕಾಯುವ ಹೊತ್ತಿನಲ್ಲಿ ಅತ್ತೆಯ ಅಂಗೈಯತ್ತ ನೋಡಿ ಕೇಳಿದರು: "ಮಕ್ಕಳಿದ್ದಾರಾ?"

"ಒಬ್ಬಳು ಮಗಳು ಸಾರ್. ಟೈಲರ್ ಅಂಗಡೀಲಿ ಹೊಲೀತಾಳೆ."

"ನಿಮ್ಮ ಈ ಗಟ್ಟಿ ಕೈ ಅವಳಿಗೂ ಬಂದಿದೆಯಾ?"

"ಎಲ್ಲಿ ಬಂತು? ಬಿಸಿ ಲೋಟ ಹಿಡಿದ್ರೆ ಕುಣೀತಾಳೆ! ನನ್ನ ಮೂಗು ಬಂದಿದೆ, ಅದು ಹುಟ್ಟಿನಲ್ಲೇ ಇದ್ದದ್ದು. ಕೈ ಗಟ್ಟಿಯಾದದ್ದು ಇಲ್ಲಿ ತೊಳೆದೂ ತೊಳೆದೂ. ಅದು ಮೇಲಿನ ತೊಗಲಿಗೆ ಮಾತ್ರ, ಬೀಜಕ್ಕೆ ಇಳಿಯಲ್ಲ."

"ಹಾಗಾದ್ರೆ ಜೀವಿಗಳು ಬದಲಾಗೋದು ಹೇಗೆ?"

"ಹುಟ್ಟುವಾಗಲೇ ಒಂದರ ಹಾಗೆ ಇನ್ನೊಂದು ಇರಲ್ಲ ಸಾರ್. ಆ ಜಾಗಕ್ಕೆ ಯಾವುದು ಹೊಂದುತ್ತೋ ಅದು ಹೆಚ್ಚು ಮರಿ ಬಿಡುತ್ತೆ. ಆಮೇಲಾಮೇಲೆ ಅಂಥವೇ ಜಾಸ್ತಿ ಆಗ್ತವೆ. ಒಂದೇ ಜೀವ ಕಷ್ಟಪಟ್ಟು ಬದಲಾಗೋದಲ್ಲ."

ಅಷ್ಟರಲ್ಲಿ ಹೊಸ ಬಾಟಲಿಯ ಬಲೂನು ನೆಟ್ಟಗಾಗತೊಡಗಿತ್ತು. ಅತ್ತೆ ಅದನ್ನು ಪರೀಕ್ಷಕರ ಮುಂದಕ್ಕೆ ಸರಿಸಿದರು. ಪರೀಕ್ಷಕರು ಹಾಳೆಯ ಮೇಲೆ ಬಹಳ ಹೊತ್ತು ಬರೆದರು.

ಹದಿನೈದು ದಿನಕ್ಕೆ ಆದೇಶದ ಪತ್ರ ಬಂತು. ನಾನು ಲ್ಯಾಬಿಗೆ ಹೋದಾಗ ಅತ್ತೆ ಅದನ್ನು ನೊಣದ ಬಾಟಲಿಯ ಕೆಳಗೆ ಮಡಚಿಟ್ಟು, ಎಂದಿನಂತೆ ತೊಟ್ಟಿಯ ಮುಂದೆ ನಿಂತಿದ್ದರು.

"ಇನ್ನೂ ತೊಳೀತಿದ್ದೀರಲ್ಲ, ಸಹಾಯಕರೇ!"

"ಹೊಸ ಅಟೆಂಡರ್ ಬರೋವರೆಗೆ ಗಾಜು ತಾನಾಗೇ ತೊಳ್ಕೊಳ್ಳುತ್ತಾ? ಬಾ, ಕೈ ಹಾಕು" ಎಂದವರು, ನಾನು ಅಂಗಿಯ ತೋಳು ಮಡಚುವಷ್ಟರಲ್ಲಿ ನನ್ನ ಕೈ ಹಿಡಿದು ತಡೆದರು. ಕೊರಳಿಗೆ ದಾರದಲ್ಲಿ ಕಟ್ಟಿಕೊಂಡಿದ್ದ ಥರ್ಮಾಮೀಟರನ್ನು ನೀರಿಗೆ ಅದ್ದಿ, ಕಣ್ಣು ಕಿರಿದು ಮಾಡಿ ಓದಿ, ಒಂದು ಮಗ್ಗು ತಣ್ಣೀರು ಬೆರೆಸಿದರು.

"ಈಗ ಹಾಕು. ನಾಳಿದ್ದು ನಿನ್ನ ಪರೀಕ್ಷೆ ಅಲ್ವಾ? ತೊಳೀತಾ ಹೇಳು, ಎರಡು ಬಲೂನೂ ಮಲಗಿವೆ. ಮೊದಲು ಏನು ನೋಡ್ತೀಯಾ?"