ದಬ್ಬಳದಕ್ಕ ಹಿಡಿದ ರಿಲೇ

ಗ್ಯಾರೇಜಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ದಬ್ಬಳದಕ್ಕ ಎಂದೇ. ಕಾರಿನ ಸೀಟುಗಳಿಗೆ ಹೊದಿಕೆ ಹೊಲಿಯುವ ದಬ್ಬಳ, ಆ ಉದ್ದನೆಯ ಸೂಜಿ, ಸದಾ ಅವಳ ಕೈಯಲ್ಲಿರುತ್ತಿತ್ತು. ಮಾತೂ ಅಷ್ಟೇ ಮೊನಚೆಂದು ಬೆನ್ನ ಹಿಂದೆ ಹೇಳುತ್ತಿದ್ದರು. ಅವಳ ಎದುರಿಗೆ ಹೇಳುವ ಎದೆ ಯಾರಿಗೂ ಇರಲಿಲ್ಲ.

ಅವಳ ಕಣ್ಣಿದ್ದುದು ಕಿಟಕಿಯ ಪಕ್ಕದ ಎಲೆಕ್ಟ್ರಿಷಿಯನ್ ಮೇಜಿನ ಮೇಲೆ. ಹಳೆಯ ಎಲೆಕ್ಟ್ರಿಷಿಯನ್ನಿಗೆ ವರ್ಷಗಟ್ಟಲೆ ದೀಪ ಹಿಡಿದು, ವೈರು ಸುಲಿದುಕೊಟ್ಟು, ಅವನು ಬೈದಾಗ ತಿರುಗಿ ಬೈದು ಅವಳು ಆ ಕೆಲಸವನ್ನು ಕಲಿತಿದ್ದಳು. ಈಗ ಅವನು ಕೆಲಸ ಬಿಟ್ಟಿದ್ದ. ಗ್ಯಾರೇಜಿನ ಯಜಮಾನನಾದ ಅವಳ ಮೈದುನ ಹೊಸಬನೊಬ್ಬನಿಗೆ ಬರಹೇಳಿದ್ದ.

"ಆ ಮೇಜು ನನಗೆ ಕೊಡು" ಎಂದು ಅವಳು ನೇರವಾಗಿ ಕೇಳಿದಳು.

ಬಿಳಿ ಕಾರೊಂದರ ಡ್ಯಾಶ್‌ಬೋರ್ಡ್ ಬಿಚ್ಚಿ, ಅದರೊಳಗೆ ತಲೆ ತೂರಿಸಿ ಬೆಳಗಿನಿಂದ ಒದ್ದಾಡುತ್ತಿದ್ದ ಮೈದುನ ರೇಗಿ ಹೊರಬಂದ. "ಅತ್ತಿಗೆ, ಇದನ್ನ ಸ್ಟಾರ್ಟ್ ಮಾಡಿ ತೋರ್ಸಿ, ಮೇಜು ನಿಮ್ದೇ. ಆಗ್ಲಿಲ್ಲ ಅಂದ್ರೆ ಮತ್ತೆ ಆ ಮಾತೆತ್ತಬಾರ್ದು."

"ಎಲ್ರೂ ಕೇಳಿಸ್ಕೊಂಡ್ರಿ ತಾನೆ?" ಎಂದು ಅವಳು ಉಳಿದ ಕೆಲಸಗಾರರತ್ತ ತಿರುಗಿದಳು.

ಕಾರಿನ ಎಂಜಿನ್ನಿಗೆ ಪೆಟ್ರೋಲ್ ಹಾಯಿಸುವ ಪಂಪು ಓಡುತ್ತಿರಲಿಲ್ಲ. ನೇರವಾಗಿ ಕರೆಂಟು ಕೊಟ್ಟರೆ ಓಡುತ್ತಿತ್ತು. ಹಾಗಾದರೆ ದೋಷವಿದ್ದುದು ಪಂಪಿಗೆ ಕರೆಂಟು ಬಿಡುವ ರಿಲೇ ಎಂಬ ಪುಟ್ಟ ಕಪ್ಪು ಡಬ್ಬಿಯಲ್ಲಿ. ಬಾನೆಟ್ಟಿನ ಕೆಳಗಿದ್ದ ರಿಲೇಗಳೆಲ್ಲ ಸರಿಯಾಗಿದ್ದವು. ಇದೊಂದು ಮಾತ್ರ ಎಲ್ಲೋ ಅಡಗಿ ಕೂತಿತ್ತು.

"ಸುತ್ತಿಗೆ ಕೆಳಗಿಡಿ! ಕಂಪ್ರೆಸರ್ ನಿಲ್ಸಿ! ಏನೂ ಅದುರ್ಬಾರ್ದು!"

"ಉಸಿರಾಡ್ಬಹುದಾ ಅಕ್ಕಾ?" ಎಂದ ಪೇಂಟರ್.

"ಆಡು, ಸದ್ದು ಮಾಡ್ಬೇಡ."

ಮೈದುನ ಕೀ ತಿರುಗಿಸಿದ. ರಿಲೇ ಎಲ್ಲೋ ಟಿಕ್ ಎಂದಿತು. "ನೋಡಿ, ಡ್ಯಾಶ್‌ಬೋರ್ಡಲ್ಲೇ!"

"ಒಳಗೆಲ್ಲ ಪೊಳ್ಳು ಅದು. ಎಲ್ಲಿ ಸದ್ದಾದ್ರೂ ಅಲ್ಲೇ ಆದಂಗೆ ಕೇಳ್ಸುತ್ತೆ. ಕಿವಿ ನಂಬಿ ಅದನ್ನೆಲ್ಲ ಬಿಚ್ಚಿ ಹಾಕಿದ್ದೀಯ."

ಅವಳು ಕಾರಿನ ತೆರೆದ ಬಾಗಿಲ ಬಳಿ ಮಂಡಿಯೂರಿ ಕಣ್ಣು ಮುಚ್ಚಿದಳು. ಸ್ಪಂಜಿನೊಳಗೆ ಮುರಿದುಳಿದ ಸೂಜಿಯ ತುದಿಯನ್ನು ಸೀಟು ಹರಿಯದೆ ಹುಡುಕುವಾಗ ಮಾಡುವಂತೆ, ಬೆರಳ ತುದಿಗಳನ್ನಷ್ಟೇ ಕಾರಿನೊಳಗಿನ ಕಾರ್ಪೆಟ್ಟಿನ ಮೇಲೆ ಹಗುರವಾಗಿ ಸರಿಸುತ್ತ ಹೋದಳು.

"ತಿರುಗ್ಸು." ಸೀಟಿನ ಕೆಳಗೆ ಏನೂ ಇಲ್ಲ. "ಇನ್ನೊಂದ್ಸಲ." ಕಾಲಿಡುವ ಜಾಗದಲ್ಲೂ ಇಲ್ಲ. ಪೇಂಟರ್ ಮುಸಿಮುಸಿ ನಕ್ಕ. ಅವಳ ಕಿವಿ ಬಿಸಿಯಾಯಿತು. ಕೈ ಮಾತ್ರ ಅವಸರಪಡಲಿಲ್ಲ. "ಮತ್ತೆ."

ಬಾಗಿಲ ಮಗ್ಗುಲಿನ ಮೂಲೆಯಲ್ಲಿ, ಕಾರ್ಪೆಟ್ಟಿನಡಿ, ಏನೋ ಬೆರಳಿಗೆ ಸಣ್ಣಗೆ ಒದ್ದಿತು.

"ಸಿಕ್ಕಿಬಿದ್ದ!"

"ಅಲ್ಲಿ ಬರೀ ಕಾರ್ಪೆಟ್ ಇರೋದು, ಅತ್ತಿಗೆ..."

ಅವಳು ದಬ್ಬಳದ ಮೊನೆಯಿಂದ ಕಾರ್ಪೆಟ್ಟಿನ ಅಂಚನ್ನು ಎಬ್ಬಿಸಿ, ಅದರ ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆದಳು. ಅಲ್ಲಿತ್ತು ರಿಲೇ. ಡಬ್ಬಿ ಬಿಡಿಸಿ ನೋಡಿದರೆ ಒಳಗಿನ ಲೋಹದ ತುದಿಗಳು ಸುಟ್ಟು ಕರಕಲಾಗಿದ್ದವು. ಟಿಕ್ಕೆನ್ನುತ್ತಿತ್ತೇ ಹೊರತು ಕರೆಂಟು ದಾಟಿಸುತ್ತಿರಲಿಲ್ಲ. ಕಪಾಟಿನಿಂದ ಅದೇ ಬಗೆಯ ಹೊಸದನ್ನು ತಂದು ಕೂರಿಸಿದಳು.

"ಈಗ ತಿರುಗ್ಸು."

ಹಿಂದೆಲ್ಲೋ ಪಂಪು ಗುಂಯ್ಗುಟ್ಟಿತು. ಮರುಗಳಿಗೆ ಎಂಜಿನ್ನು ಭರ್ರನೆ ಎದ್ದಿತು. ನಕ್ಕಿದ್ದ ಪೇಂಟರೇ ಎಲ್ಲರಿಗಿಂತ ಮೊದಲು ತಗಡಿನ ಡಬ್ಬ ಬಡಿದು ಕುಣಿದ. ಮೈದುನ ತಲೆ ಕೆರೆದುಕೊಂಡ. "ಮೇಜು ನಿಮ್ದೇ ಅತ್ತಿಗೆ. ಆ ಹೊಸಬನಿಗೆ ಬರ್ಬೇಡ ಅಂತೀನಿ. ಆದ್ರೆ ಸೀಟು ಹೊಲಿಯೋರು ಯಾರು?"

ಅವಳು ದಬ್ಬಳವನ್ನು ಅವನ ಅಂಗೈಯಲ್ಲಿಟ್ಟಳು. "ಕೂತ್ಕೋ, ಹೇಳ್ಕೊಡ್ತೀನಿ. ನಾನು ಬೈದ್ರೆ ನೀನೂ ತಿರುಗಿ ಬೈಬಹುದು."

ಎಂದವಳೇ ಹೋಗಿ ಕಿಟಕಿಯ ಬಾಗಿಲನ್ನು ಪೂರ್ತಿ ತೆರೆದು, ಮೇಜಿನ ದೂಳನ್ನು ಸೆರಗಿನಿಂದಲೇ ಒರೆಸಿದಳು.