ಬಳೆ ಅಂಗಡಿಯವಳು ತರಿಸಿದ ಬಳೆ

ಆಕೆಯ ಬೆರಳ ತುದಿಯ ತುಂಬ ಗಾಜು ಗೀರಿದ ಸಣ್ಣ ಸಣ್ಣ ಬಿಳಿ ಗೆರೆಗಳು. ಎಂಥ ಬಿರುಸು ಕೈಯನ್ನಾದರೂ ಗೆಣ್ಣು ಒತ್ತಿ, ಹೆಬ್ಬೆರಳು ಮಡಚಿ, ಮಾತಾಡುತ್ತ ಮಾತಾಡುತ್ತಲೇ ಡಜನ್ ಬಳೆ ಏರಿಸಿಬಿಡುತ್ತಾಳೆ. ಆದೋನಿಯಲ್ಲಿ ನಮ್ಮ ಮನೆಯ ಬೀದಿಯಲ್ಲೇ ಇರುವ ಬಳೆ ಅಂಗಡಿಯ ಸೊಸೆ. ನನಗಿಂತ ದೊಡ್ಡವಳು, ಹಾಗಾಗಿ ಅಕ್ಕ ಅನ್ನುತ್ತೇನೆ. ಆಕೆಗೆ ನಾನು ಟೀಚರಮ್ಮ.

ಗಂಡ ತೀರಿಕೊಂಡ ಮೇಲೆ ಆಕೆಯನ್ನು ಅಂಗಡಿಯ ಹಿಂದಕ್ಕೆ ಕೂರಿಸಿದರು. ಮದುವೆಗೆ, ಬಸುರಿಯ ಕುಬಸಕ್ಕೆ ಬಳೆ ತೊಡುವವರು ವಿಧವೆಗೆ ಕೈ ಕೊಡುವುದಿಲ್ಲವಂತೆ! ಮುತ್ತೈದೆಯಾದ ಅತ್ತೆ ಮುಂದೆ ಕೂತು ಬಳೆ ತೊಡಿಸುವುದು, ಈಕೆ ಹಿಂದೆ ಗೋಣಿಚೀಲದ ಮೇಲೆ ಕೂತು ಬಳೆಗಳಿಗೆ ದಾರ ಕಟ್ಟುವುದು. ನೋಡಿದಾಗಲೆಲ್ಲ ನಾನು ರೇಗುತ್ತಿದ್ದೆ. "ಇರ್ಲಿ ಬಿಡವಾ, ಕುಂತ ಕೆಲಸ ಸಿಕ್ಕೈತಿ" ಎಂದು ಆಕೆಯೇ ನನ್ನನ್ನು ಸಮಾಧಾನ ಮಾಡುತ್ತಿದ್ದಳು.

ಆಕೆಗೆ ಬೇಕಾದ್ದನ್ನು ಆನ್‌ಲೈನಿನಲ್ಲಿ ತರಿಸಿಕೊಡುವುದು ನಾನೇ. ಕುಕ್ಕರಿನ ರಬ್ಬರು, ಅತ್ತೆಯ ಮೊಣಕಾಲಿಗೆ ಪಟ್ಟಿ, ಇಂಥವೇ. ಒಂದು ಮಧ್ಯಾಹ್ನ ಬಂದವಳು ಬಾಗಿಲು ಮುಂದೆ ಮಾಡಿ, "ಟೀಚರಮ್ಮ, ನಿನ್ನ ಫೋನಿನ್ಯಾಗ ಬಳಿ ಸಿಗ್ತಾವೇನು? ಹಸರು ಗಾಜಿನವು" ಎಂದಳು.

ಚಹಾ ಸೀರೆಯ ಮೇಲೆಲ್ಲ ಚೆಲ್ಲಿಕೊಂಡೆ. ಬಳೆ ಅಂಗಡಿಯವಳಿಗೆ ಆನ್‌ಲೈನ್ ಬಳೆಯೇ?

"ಅಕ್ಕಾ, ನಿಮ್ಮ ಅಂಗಡ್ಯಾಗ ಗ್ವಾಡಿ ತುಂಬ ಅದಾವಲ್ಲ!"

"ಅವು ಮಾರೂವು. ಒಂದು ಕಡಿಮಿ ಆದ್ರೂ ಅತ್ತಿಗೆ ಗೊತ್ತಾಗ್ತೈತಿ. ಯಾರಿಗೆ ಅಂತ ಕೇಳಿದ್ರ ಏನು ಹೇಳ್ಲಿ?" ತನ್ನ ಬೋಳು ಮುಂಗೈ ಸವರಿಕೊಂಡು, "ನನಗ ಬೇಕಾಗ್ಯಾವ" ಎಂದಳು.

ನನ್ನ ಹೆಸರಿಗೆ, ನನ್ನ ಮನೆಗೇ ತರಿಸಿದೆ. ಪೆಟ್ಟಿಗೆ ಬಿಚ್ಚಿದರೆ ಅರ್ಧಕ್ಕರ್ಧ ಚೂರು! "ಅಯ್ಯೋ ಶಿವನೇ, ಎಂಥ ಅಪಶಕುನ!" ಎಂದು ಚೀರಿದೆ. ಆಕೆಗೆ ಏನೂ ಅನ್ನಿಸಲಿಲ್ಲ. "ಶಕುನ ಅಲ್ಲ, ಕಟ್ಟಿದವರಿಗೆ ಬುದ್ಧಿ ಇಲ್ಲ. ನಡುವ ಅರಿವಿ ತುರುಕಿದ್ರ ಒಂದೂ ಒಡೀತಿದ್ದಿಲ್ಲ." ಉಳಿದವನ್ನು ತೊಟ್ಟುಕೊಂಡು, ಕೈ ಅಲುಗಿಸಿ ಸಪ್ಪಳ ಕೇಳಿದಳು. ಆಮೇಲೆ ಅತ್ತಳು. ಹೋಗುವಾಗ ಎಲ್ಲ ಬಿಚ್ಚಿ ನನ್ನ ಅಲಮಾರಿಯಲ್ಲಿಟ್ಟಳು. ಅವತ್ತಿನಿಂದ ಅತ್ತೆ ಮಲಗಿದ ಹೊತ್ತಿಗೆ ಬರುವುದು, ತೊಟ್ಟುಕೊಳ್ಳುವುದು, ಚಹಾ ಕುಡಿಯುವುದು, ಬಿಚ್ಚಿಟ್ಟು ಹೋಗುವುದು.

ಹೋದ ವರ್ಷ ನನ್ನ ಗಂಡ ಊಟಕ್ಕೆ ಕೂತವರು ಹಾಗೆಯೇ ಹೋಗಿಬಿಟ್ಟರು. ತಟ್ಟೆಯಲ್ಲಿ ರೊಟ್ಟಿ ಇನ್ನೂ ಬಿಸಿಯಿತ್ತು. ನನಗೆ ಅಳುವೂ ಬರಲಿಲ್ಲ. ದಿನದ ಕಾರ್ಯಕ್ಕೆ ಬಂದ ಹೆಂಗಸರು ನನ್ನ ಬಳೆ ಒಡೆದರು, ಯಾರದೋ ಕೈ ಅನ್ನುವ ಹಾಗೆ ನೋಡುತ್ತ ಕೂತಿದ್ದೆ.

ಅಷ್ಟರಲ್ಲಿ ಅಕ್ಕ ಬಂದಳು. ಯಾರನ್ನೂ ಕೇಳದೆ ಸೀದಾ ಅಲಮಾರಿ ತೆಗೆದಳು, ಆ ಪೆಟ್ಟಿಗೆ ಹಿಡಿದು ನನ್ನೆದುರು ಕೂತಳು, ನನ್ನ ಗೆಣ್ಣು ಒತ್ತಿ ಹಸಿರು ಬಳೆ ಏರಿಸತೊಡಗಿದಳು. ತುಂಬಿದ ಮನೆಯಲ್ಲಿ! ಪೆದ್ದಕಡುಬೂರಿನ ನಮ್ಮ ಚಿಕ್ಕತ್ತೆ ಗಾಬರಿಯಲ್ಲಿ ತೆಲುಗಿಗೇ ಇಳಿದು, "ಇದೇಂ ಪನಮ್ಮಾ! ಇದೆಂಥ ಕೆಲಸ!" ಎಂದು ಕೂಗಿದರು. ಅಕ್ಕ ತಲೆ ಎತ್ತಲಿಲ್ಲ.

"ನಾ ಬಳಿ ತೊಡಸಾಕಿ. ನನ್ನ ಕೆಲಸ ನಾ ಮಾಡಾಕತ್ತೀನಿ."

ಬಳೆ ಸಪ್ಪಳ ಕೇಳಿದ್ದೇ ನನಗೆ ಅಳು ಕಿತ್ತುಕೊಂಡು ಬಂತು. ಅವನ್ನು ತೊಟ್ಟುಕೊಂಡೇ ಮತ್ತೆ ಶಾಲೆಗೆ ಹೋದೆ. ಇವತ್ತಿಗೂ ಅವೇ ನನ್ನ ಕೈಯಲ್ಲಿವೆ. ಆಕೆಯ ಈ ಋಣ ನನ್ನಿಂದ ತೀರುವಂಥದ್ದಲ್ಲ.

ಆದರೆ ಆಕೆಗೆ ಬಳೆ ಉಳಿಯಲಿಲ್ಲವಲ್ಲ! ಕೇಳಿದರೆ, "ಇನ್ನೊಂದು ಡಜನ್ ತರಸು. ಈ ಸಲ ನನ್ನ ಹೆಸರಿಗೆ ಹಾಕು, ಅಂಗಡಿಗೇ ಬರ್ಲಿ" ಎಂದಳು. ಅತ್ತೆ ಹೊರಗೆ ಹಾಕಿದರೆ ಈಕೆಗೆ ತವರಿನಲ್ಲೂ ಯಾರೂ ಇಲ್ಲ. ಬೇಡಕ್ಕಾ ಅಂದೆ. "ಹಾಕು ಅಂದ್ರ ಹಾಕವಾ" ಎಂದಳು.

ಪಾರ್ಸೆಲ್ ಬರುವ ದಿನ ಅಂಗಡಿಯಲ್ಲೇ ಹೋಗಿ ನಿಂತಿದ್ದೆ. ತಂದವನು ಆಕೆಯ ಹೆಸರನ್ನು ಇಡೀ ಬೀದಿಗೆ ಕೇಳುವಂತೆ ಕೂಗಿದ. ಅತ್ತೆ ಪೆಟ್ಟಿಗೆ ಇಸಿದುಕೊಂಡು ಬಿಚ್ಚಿಯೇಬಿಟ್ಟರು. ಹಸಿರು ಬಳೆ ನೋಡಿದರು, ಸೊಸೆಯನ್ನು ನೋಡಿದರು.

"ಯಾರಿಗೆ ಇವು?"

"ನನಗss" ಎಂದಳು ಅಕ್ಕ.

ಮುಗಿಯಿತು ಅಂದುಕೊಂಡು ಕಣ್ಣು ಮುಚ್ಚಿದೆ.

"ಬಳಿ ಅಂಗಡಿ ಇಟಗೊಂಡು ಹೊರಗಿಂದ ತರಸ್ತೀಯೇನು? ಬಜಾರದಾಗ ನಮ್ಮ ಮಾನ ಏನಾಗಬೇಕು!" ಎಂದರು ಅತ್ತೆ. ಒಂದು ಬಳೆಯನ್ನು ಬೆಳಕಿಗೆ ಹಿಡಿದು, "ಥೂ, ಇದೂ ಒಂದು ಗಾಜೇನು!" ಎಂದರು. ಸ್ಟೂಲು ಹತ್ತಿ, ಮೇಲಿನ ಹಲಗೆಯಿಂದ ಹಸಿರು ಬಳೆಯ ಒಂದು ಕಟ್ಟು ಇಳಿಸಿದರು. ಸೊಸೆಯೇ ಕಟ್ಟಿದ ದಾರವನ್ನು ಹಲ್ಲಿನಿಂದ ಹರಿದರು.

"ಕೈ ಕೊಡು" ಎಂದರು.